ಪಾದ ಉಳುಕಿದ ಪೈಲ್ವಾನಗ ಅಕ್ಯುಪಂಕ್ಚರ್, ಕಪ್ಪಿಂಗ್, ಚೀನಾ ಔಷಧ: ಯಾವುದು ನಡೀತೈತಿ, ಯಾವುದು ಬ್ಯಾಡ?

ವಡಗಾವಿ_ತಾಲೀಮು (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಹುಡುಗ 19 ವರ್ಷದಾಂವ, 74 ಕೆ.ಜಿ. ಫ್ರೀಸ್ಟೈಲ್. ಹನ್ನೊಂದು ದಿನದ ಹಿಂದ ಜೋಡಿ ಹಿಡದಾಗ ಎಡಪಾದ ಒಳಗ ಮಡಚಿ ಹೊರಗಂಟಿನ ಕಡೆ ಉಳುಕೈತಿ. ಎಕ್ಸ್‌ರೇ ಆಗೇತಿ, ಎಲುಬು ಮುರದಿಲ್ಲ. ಎಂಆರ್‌ಐ ಮಾಡಿಸಿಲ್ಲ. ಬಾವು ಮುಕ್ಕಾಲು ಇಳದೈತಿ, ಕಪ್ಪಾಗಿದ್ದ ಜಾಗ ಈಗ ಹಳದಿ-ಹಸರ ಆಗೇತಿ. ಸಪಾಟ ನೆಲದ ಮ್ಯಾಲ ಕುಂಟದ ನಡೀತಾನ. ಆದ್ರ ಬೈಠಕ್ ಹೊಡಿಯುಮುಂದ ಪೂರಾ ಕೆಳಗ ಕುಂತ್ರ ಗಂಟಿನ ಮುಂಭಾಗ ಚುಚ್ಚತೈತಿ, ಎಡಗಾಲ ಒಂದರ ಮ್ಯಾಲ ನಿಂತ್ರ ನಡಗತೈತಿ.

ಐದು ವಾರಕ್ಕ ಆಯ್ಕೆ ಕುಸ್ತಿ ಐತಿ, ಡೋಪ್ ಟೆಸ್ಟ್ ಇದ್ದರೂ ಇರಬಹುದು. ಕೇಳೂದು ಇಷ್ಟ. ಅಕ್ಯುಪಂಕ್ಚರ್ ಈಗ ಮಾಡಿಸಬಹುದೇನು, ಸೂಜಿ ಬಾವಿನ ಮ್ಯಾಲ ಹಾಕತಾರೋ ಬ್ಯಾರೆ ಕಡೆ ಹಾಕತಾರೋ, ಎಷ್ಟು ಸಲ? ಎರಡನೇದು, ಪಾದದ ಸುತ್ತ ಐದು ಕಪ್ ಹಚ್ಚಿ ‘ಕೆಟ್ಟ ರಕ್ತ ತಗೀತೇವಿ’ ಅನ್ನಾವ್ರದಾರ, ಅದು ಸರಿಯೇನು? ಮೂರನೇದು, ಆನ್‌ಲೈನ್‌ನ್ಯಾಗ ತರಿಸಿದ ಚೀನಾದ ‘ಡಿಟ್ ಡಾ’ ಲಿನಿಮೆಂಟ್ (ತಿಕ್ಕೂ ಎಣ್ಣಿ) ಬಾಟ್ಲಿ ಒಂದು, ಯುನ್ನಾನ್ ಬೈಯಾವ್ ಅನ್ನೂ ಕ್ಯಾಪ್ಸೂಲ್ ಡಬ್ಬಿ ಒಂದು ಅದಾವ. ಹಚ್ಚಬೇಕೋ, ನುಂಗಬೇಕೋ, ಎತ್ತಿಡಬೇಕೋ?

—

ನಿಸರ್ಗ_ಬಾಗಲಕೋಟಿ (ಬಿಎನ್‌ವೈಎಸ್, ಅಕ್ಯುಪಂಕ್ಚರ್)

ಎರಡನೇ ಪ್ರಶ್ನೆ ಸುಲಭ, ಅದನ್ನ ಮೊದಲು ಮುಗಿಸ್ತೇನೆ. ಪಾದದ ಗಂಟಿನ ಮೇಲೆ ಕಪ್ ಕೂಡೂದಿಲ್ಲ. ಕಪ್ಪಿನ ಬಾಯಿ ಸುತ್ತ ಚರ್ಮ ಸಪಾಟ ಇರಬೇಕು, ಕೆಳಗೆ ಮಾಂಸ ಇರಬೇಕು. ಎಲುಬು ಎದ್ದ ಜಾಗದಲ್ಲಿ ಗಾಳಿ ಸೋರುತ್ತದೆ. ಸಣ್ಣ ಕಪ್ ಇಟ್ಟು ಪಂಪ್ ಜೋರಾಗಿ ಎಳೆದು ನಿಲ್ಲಿಸಿದರೆ ಅಲ್ಲಿಯ ತೆಳು ಚರ್ಮಕ್ಕೆ ನೀರುಗುಳ್ಳೆ ಏಳುತ್ತದೆ. ಬ್ಲೇಡ್ ಗೀರಿ ರಕ್ತ ತೆಗೆಯುವುದಂತೂ ಪೈಲ್ವಾನನಿಗೆ ಬೇಡವೇ ಬೇಡ. ಮರುದಿನ ಅದೇ ಪಾದ ಮಟ್ಟಿಗೆ ಇಳಿಯುತ್ತದೆ. ಮಣ್ಣಿಗೆ ಅರಿಶಿಣ, ಮಜ್ಜಿಗೆ, ಎಣ್ಣೆ ಎಷ್ಟೇ ಬೆರೆಸಿರಲಿ, ತೆರೆದ ಗೀರಿಗೆ ಅದು ಮಣ್ಣೇ. ‘ಕೆಟ್ಟ ರಕ್ತ’ ಅಂತ ತೋರಿಸುವ ಕರೀ ಗಡ್ಡೆ ಕಪ್ಪಿನೊಳಗೆ ಹೆಪ್ಪುಗಟ್ಟಿದ ಸಾಮಾನ್ಯ ರಕ್ತ. ಒಣ (ಬ್ಲೇಡ್ ಗೀರದ) ಕಪ್ಪಿಂಗ್‌ನ ನೇರಳೆ ಕಲೆಯೂ ವಿಷವಲ್ಲ, ಎಳೆತಕ್ಕೆ ಒಡೆದ ಸಣ್ಣ ರಕ್ತನಾಳಗಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ಆ ಕಲೆ ಕಂಡ ಮೇಲೆ ನಮ್ಮ ಕಡೆಯೂ ಅದೊಂದು ಬಿರುದಿನ ಹಂಗ ಆಗಿದೆ. ಕಲೆ ಗಾಢವಾದಷ್ಟೂ ಗುಣ ಹೆಚ್ಚು ಅನ್ನುವುದು ತಪ್ಪು.

ಕಪ್ ಹಾಕಲೇಬೇಕೆಂದರೆ ಕಾಲಿನ ಹೊರಮಗ್ಗುಲ ಪೆರೋನಿಯಲ್ ಮಾಂಸಖಂಡ ಮತ್ತು ಮೀನಖಂಡದ ಮೇಲೆ. ಉಳುಕಿದ ಮೇಲೆ ಈ ಎರಡೂ ಬಿಗಿದುಕೊಂಡು ಪಾದವನ್ನು ಕಾಯುತ್ತಿರುತ್ತವೆ. ಪಂಪ್ ಎರಡು ಎಳೆತ, ಮೂರು ಬೇಡ. 5ರಿಂದ 8 ನಿಮಿಷ. ಅಷ್ಟರೊಳಗೆ ಉರಿ ಬಂದರೆ ಗುಂಡಿ ಒತ್ತಿ ಗಾಳಿ ಬಿಡಬೇಕು. ಉಬ್ಬಿದ ರಕ್ತನಾಳ, ಗಜಕರ್ಣ, ಕೆರೆದ ಗಾಯ ಇರುವಲ್ಲಿ ಹಾಕಬಾರದು. ಪೈಲ್ವಾನರ ಮೈಮೇಲೆ ಗಜಕರ್ಣ ಅಪರೂಪವೇನಲ್ಲ, ಕಪ್ ಒಬ್ಬರಿಂದ ಒಬ್ಬರಿಗೆ ಅದನ್ನು ಸಾಗಿಸುತ್ತದೆ. ಇನ್ನೊಂದು: ಉಳುಕಿದ ಮೇಲೆ ಹುಡುಗ ವಾರಗಟ್ಟಲೆ ಕಾಲು ಅಲುಗಿಸದೆ ಕೂತಿದ್ದು, ಒಂದೇ ಮೀನಖಂಡ ಬಿಸಿಯಾಗಿ ಊದಿದ್ದರೆ ಕಪ್ಪೂ ಬೇಡ, ಮಾಲೀಶೂ ಬೇಡ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು, ಸೀದಾ ಆಸ್ಪತ್ರೆ.

ಈಗ ಸೂಜಿ. ಮೊದಲ 48ರಿಂದ 72 ತಾಸು ಊದಿದ ಜಾಗಕ್ಕೆ ಸೂಜಿ ಹಾಕೂದಿಲ್ಲ. ಆ ಹೊತ್ತಿನಲ್ಲಿ ದೂರದ ಬಿಂದು, ಇಲ್ಲವೆ ಎದುರುಬದಿಯ ಮಣಿಕಟ್ಟಿನಲ್ಲಿ ಪಾದಕ್ಕೆ ಹೊಂದುವ ಜಾಗ ಹಿಡಿದು, ಸೂಜಿ ಇರುವಾಗಲೇ ಪಾದ ಮೆಲ್ಲಗೆ ಆಡಿಸಲು ಹೇಳ್ತಾರೆ. ನಿಮ್ಮ ಹುಡುಗ ಆ ಹಂತ ದಾಟಿದ್ದಾನೆ, ಸ್ಥಳೀಯ ಬಿಂದುಗಳನ್ನು ಈಗ ಬಳಸಬಹುದು.

ಸಾಮಾನ್ಯವಾಗಿ ಹಿಡಿಯುವ ಬಿಂದುಗಳು (ಜಿಬಿ, ಬಿಎಲ್, ಎಸ್‌ಟಿ ಅನ್ನುವುದು ಬಿಂದುಗಳ ಸಾಲಿನ ಇಂಗ್ಲಿಷ್ ಗುರುತು, ಮುಂದಿನದು ಆ ಸಾಲಿನಲ್ಲಿ ಬಿಂದುವಿನ ಸಂಖ್ಯೆ): ಜಿಬಿ 40, ಅಂದ್ರೆ ಚ್ಯೂಶೂ. ಹೊರಗಂಟಿನ ಮುಂದೆ-ಕೆಳಗೆ ಬೆರಳು ಇಟ್ಟರೆ ಸಿಗುವ ಗುಳಿ. ಪಾದ ಒಳಮಡಚಿದಾಗ ಮೊದಲು ಹರಿಯುವ ಲಿಗಮೆಂಟ್ ಅಲ್ಲೇ ಹಾದುಹೋಗುತ್ತದೆ. ಬಿಎಲ್ 60 ಕುನ್‌ಲುನ್, ಹೊರಗಂಟಿನ ತುದಿ ಮತ್ತು ಹಿಮ್ಮಡಿಯ ದಪ್ಪ ಸ್ನಾಯುರಜ್ಜುವಿನ ನಡುವೆ. ಎಸ್‌ಟಿ 41 ಜಿಯೆಶಿ, ಪಾದ ಕಾಲಿಗೆ ಕೂಡುವ ಮುಂಭಾಗದ ನಡುಮಧ್ಯ, ಎರಡು ಸ್ನಾಯುರಜ್ಜುಗಳ ನಡುವೆ. ಮೇಲೆ ಜಿಬಿ 39, ಹೊರಗಂಟಿನ ತುದಿಯಿಂದ 3 ಚುನ್. ರೋಗಿಯ ಹೆಬ್ಬೆರಳ ಗಿಣ್ಣಿನ ಅಗಲ ಒಂದು ಚುನ್, ಅವನದೇ ನಾಲ್ಕು ಬೆರಳು ಜೋಡಿಸಿದರೆ 3 ಚುನ್. ಇನ್ನೂ ಮೇಲೆ ಜಿಬಿ 34 ಯಾಂಗ್‌ಲಿಂಗ್‌ಚ್ವಾನ್, ಮೊಣಕಾಲ ಕೆಳಗೆ ಹೊರ ಎಲುಬಿನ ಗುಂಡಿನ ಮುಂದೆ-ಕೆಳಗೆ. ಚೀನಾದ ಶಾಸ್ತ್ರದಲ್ಲಿ ಸ್ನಾಯು-ನಾರಿನ ಎಲ್ಲ ದೂರುಗಳಿಗೂ ಇದೇ ಮುಖ್ಯ ಬಿಂದು. ಆದರೆ ಪಾದ ಎತ್ತಿಸುವ ನರ ಅದೇ ಎಲುಬಿನ ಕುತ್ತಿಗೆ ಸುತ್ತಿ ಹೋಗುತ್ತದೆ, ಸೂಜಿ ಹಿಂದಕ್ಕೆ ಜಾರಬಾರದು.

ಗಂಟಿನ ಹತ್ತಿರ 0.25 × 25 ಮಿ.ಮೀ. ಸೂಜಿ, 10ರಿಂದ 15 ಮಿ.ಮೀ. ಆಳ. ಮೊಣಕಾಲ ಕೆಳಗೆ 0.25 × 40. ಒಳಗೆ ಹೋದ ಮೇಲೆ ಭಾರ, ಜೋಮು, ಮಂದ ನೋವು ಬಂದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಅದಕ್ಕೆ ‘ದೆ ಚಿ’ ಅಂತಾರೆ. ಕರೆಂಟ್ ಹೊಡೆದ ಹಂಗ ಬೆರಳ ತನಕ ಚಳಕ್ ಅಂದರೆ ನರಕ್ಕೆ ತಾಗಿದೆ, ಹುಡುಗ ಬಾಯಿಬಿಟ್ಟು ಹೇಳಬೇಕು, ಸೂಜಿ ಹಿಂದೆಗೆಯಬೇಕು. ಪೈಲ್ವಾನರು ಹಲ್ಲುಕಚ್ಚಿ ಸಹಿಸ್ತಾರೆ, ಅದೇ ತೊಂದರೆ. 20ರಿಂದ 25 ನಿಮಿಷ ಇಟ್ಟು ತೆಗೆಯುವುದು. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಅಂತ ನೀವೂ ಎಣಿಸಿ. ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಬೇಕು, ಮೇಲೆ ಅವಧಿ ದಿನಾಂಕ ಇರಬೇಕು, ಒಮ್ಮೆ ಬಳಸಿದ್ದು ನೇರ ಶಾರ್ಪ್ಸ್ ಡಬ್ಬಿಗೆ.

ಮಲಗಿಸಿಯೇ ಮಾಡಬೇಕು. ತೂಕ ಇಳಿಸಲು ಉಣ್ಣದೆ, ನೀರು ಕುಡಿಯದೆ ಇರುವ ದಿನ ಸೂಜಿ ಹಾಕಿಸಬೇಡಿ, ಕುರ್ಚಿಯಲ್ಲಿ ಕೂತಲ್ಲೇ ಬವಳಿ ಬಂದು ಬೀಳ್ತಾರೆ. ಎರಡು ತಾಸು ಮೊದಲು ರೊಟ್ಟಿ-ಪಲ್ಲೆ ತಿಂದು ಬರಲಿ. ವಾರಕ್ಕೆ ಎರಡರಂತೆ ಆರು ಸಲ ಸಾಕು. ನಾಲ್ಕನೇ ಸಲಕ್ಕೂ ನೋವು, ಚಲನೆ ಎರಡರಲ್ಲೂ ಫರಕ್ ಕಾಣದಿದ್ದರೆ ನಿಲ್ಲಿಸಿ. 12-15 ಸಲದ ಪ್ಯಾಕೇಜ್ ದುಡ್ಡು ಮೊದಲೇ ಕಟ್ಟಬೇಡಿ.

ಒಂದು ಮಾತು ನೇರ ಹೇಳ್ತೇನೆ. ಹೊಸ ಪಾದ ಉಳುಕಿಗೆ ಅಕ್ಯುಪಂಕ್ಚರ್ ಬಗ್ಗೆ ಕೊಕ್ರೇನ್ ಸಂಸ್ಥೆ 2014ರಲ್ಲಿ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿ, ನಂಬಬಹುದಾದ ಪುರಾವೆ ಸಾಲದು ಅಂದಿತು. ನೋವು ಕಡಿಮೆ ಮಾಡಲು, ಬಿಗಿದ ಮಾಂಸಖಂಡ ಬಿಡಿಸಲು ಸೂಜಿ ಬಳಸಿ. ಹರಿದ ನಾರನ್ನು ಅದು ಹೊಲಿಯೂದಿಲ್ಲ.

—

ಟಿಳಕವಾಡಿ_ಫಿಜಿಯೊ (ಬೆಳಗಾವಿ)

ಮೇಡಂ ಹೇಳಿದ್ದರಾಗ ತಪ್ಪಿಲ್ಲ. ಆದ್ರ ಸೂಜಿಕಿಂತ ಮೊದಲು ನೋಡಬೇಕಾದ್ದು ಉಳದೈತಿ. ವಸ್ತಾದ್ರ, ನೀವು ಬರದಿದ್ದು ಮತ್ತೊಮ್ಮೆ ಓದ್ರಿ: ‘ಪೂರಾ ಕೆಳಗ ಕುಂತ್ರ ಗಂಟಿನ ಮುಂಭಾಗ ಚುಚ್ಚತೈತಿ.’ ಸಾದಾ ಹೊರಗಂಟಿನ ಉಳುಕು ಹೊರಗ, ಕೆಳಗ ನೋಯಬೇಕು. ಮುಂದ ಚುಚ್ಚಿದ್ರ ಕಾಲಿನ ಎರಡೂ ಎಲುಬು ಕೆಳಗ ಕೂಡಿಸಿ ಹಿಡಿಯೂ ಸಿಂಡೆಸ್ಮೋಸಿಸ್ ಹರದೈತೇನು ಅಂತ ನೋಡಬೇಕು. ಪಾದ ಮ್ಯಾಲೆ ಬಾಗಿದಾಗ ಪಾದದ ಎಲುಬು ಬೆಣೆ ಹೊಡದಂಗ ಆ ಎರಡೂ ಎಲುಬಿನ ನಡುವ ಏರತೈತಿ, ಹರದಿದ್ರ ಅಲ್ಲೇ ಬಾಯಿ ಬಿಡತೈತಿ. ಅದು ಸಾದಾ ಉಳುಕಿನ ಎರಡು ಪಟ್ಟು, ಮೂರು ಪಟ್ಟು ದಿನ ತಗೋತೈತಿ. ನಿಲ್ಲದ ತಗದ ಎಕ್ಸ್‌ರೇದಾಗ ತಪ್ಪಿಸಿಕೊಳ್ಳತೈತಿ.

ಮನ್ಯಾಗ ನೋಡೂ ಪರೀಕ್ಷೆ ಎರಡು. ಮೀನಖಂಡದ ನಟ್ಟನಡುವ ಎರಡೂ ಅಂಗೈಲೆ ಎರಡೂ ಎಲುಬು ಕೂಡಿಸಿ ಅವುಕರಿ. ಅಲ್ಲಿ ಅವುಕಿದ್ರ ಕೆಳಗ ಗಂಟಿನ ಮುಂದ ನೋವಾದ್ರ ಅನುಮಾನ. ಆಮ್ಯಾಲ ಮಂಚದ ಅಂಚಿಗೆ ಕುಂದರಸಿ, ಮೊಣಕಾಲು ಮಡಚಿ ಜೋತುಬಿಟ್ಟು, ಕಾಲು ಹಿಡದು ಪಾದ ಹೊರಗ ತಿರುವ್ರಿ. ಮುಂದ ನೋವು ಬಂತಂದ್ರ ಸೂಜಿ, ಕಪ್, ಎಣ್ಣಿ ಎಲ್ಲಾ ಬಿಟ್ಟು ನಿಂತ ಎಕ್ಸ್‌ರೇ, ಬೇಕಾದ್ರ ಎಂಆರ್‌ಐ. ಮೂಳೆ ಡಾಕ್ಟರ್ ನೋಡ್ಲಿ.

ಎರಡೂ ನೋವಿಲ್ಲ ಅಂದ್ರ ಪಾದ ಬಿಗದ ಕುಂತೈತಿ ಅಂತ ತಿಳೀರಿ. ಅದನ್ನ ಅಳೀಬೇಕು. ಗ್ವಾಡಿ ಮುಂದ ನಿಲ್ಲಿಸಿ ಹಿಮ್ಮಡಿ ನೆಲ ಬಿಡದಂಗ ಮೊಣಕಾಲು ಗ್ವಾಡಿಗೆ ಮುಟ್ಟಸ್ರಿ. ಮುಟ್ಟೂತನ ಹೆಬ್ಬೆರಳು ಗ್ವಾಡಿಯಿಂದ ಎಷ್ಟು ದೂರ ಸರೀತೈತಿ, ಪಟ್ಟಿ ಹಿಡದು ಬರಕೋರಿ. ಎರಡೂ ಕಾಲಿಂದು. 1 ಸೆಂ.ಮೀ. ಅಂದ್ರ ಸುಮಾರು 3.6 ಡಿಗ್ರಿ. ಈ ಅಂಕಿ ಇಲ್ಲದ ‘ಈಗ ಆರಾಮ ಐತಿ’ ಅನ್ನೂ ಮಾತು ಉಪಯೋಗಿಲ್ಲ.

ಇನ್ನೊಂದು. ಸೂಜಿ ತಗದ ಮ್ಯಾಲ ನೋವು ಕಡಿಮಿ ಇರೂ ಹೊತ್ತಿನ್ಯಾಗ ಹುಡುಗನ್ನ ಜೋಡಿಗೆ ಬಿಡಬ್ಯಾಡ್ರಿ. ಆ ಹೊತ್ತು ವ್ಯಾಯಾಮಕ್ಕ ಐತಿ, ಕುಸ್ತಿಗಲ್ಲ. ನಾರು ಇನ್ನೂ ಹಸಿ ಐತಿ, ನೋವು ಹೇಳೂ ಎಚ್ಚರಿಕೆ ಮಾತ್ರ ಬಂದ್ ಆಗೇತಿ.

—

ವಡಗಾವಿ_ತಾಲೀಮು

ಸರ, ಎರಡೂ ಪರೀಕ್ಷೆ ಮಾಡಿಸಿದ್ವಿ. ಅವುಕಿದ್ರ ನೋವಿಲ್ಲ, ಹೊರಗ ತಿರುವಿದ್ರೂ ಇಲ್ಲ. ಗ್ವಾಡಿ ಪರೀಕ್ಷೆ: ಬಲಗಾಲು 11 ಸೆಂ.ಮೀ., ಎಡಗಾಲು 6. ಒಂಟಿಕಾಲಲೆ ಕಣ್ಣು ತಗದು 12 ಸೆಕೆಂಡ್, ಮುಚ್ಚಿದ್ರ 3.

ಬಾಟ್ಲಿ ಮ್ಯಾಲ ಇಂಗ್ಲಿಷ್‌ನ್ಯಾಗ ಬರದಿದ್ದು ನೋಡಿ ಹಾಕೇನಿ: ಹೋಂಗ್ ಹುವಾ, ರೂ ಶಿಯಾಂಗ್, ಮೋ ಯಾವ್, ದಾಂಗ್ ಗುಯಿ, ತ್ಸಾವ್ ವೂ, ಮಾ ಛಿಯನ್ ಝ. ಮುಂದ ‘ಇತರೆ’ ಅಂತ ಐತಿ. ಮದ್ಯಸಾರದಾಗ ಮಾಡಿದ್ದು, ವಾಸನಿ ನೀಲಗಿರಿ ಎಣ್ಣಿ ಹಂಗ.

—

ಟಿಳಕವಾಡಿ_ಫಿಜಿಯೊ

ಛಲೋ ಆತು. 5 ಸೆಂ.ಮೀ. ಕಡಿಮಿ ಐತಿ, ಅಂದ್ರ 18 ಡಿಗ್ರಿ. ಬೈಠಕ್‌ನ್ಯಾಗ ಚುಚ್ಚೂದು ಅದಕ್ಕ. ಪಾದದ ಎಲುಬು ಹಿಂದ ಜಾರವಲ್ದು. ದಪ್ಪ ರಬ್ಬರ್ ಪಟ್ಟಿ ಗಂಟಿನ ಮುಂದ, ಎಲುಬಿನ ಕೆಳಗ ಹಾಕಿ ಹಿಂದಿನ ಕಂಬಕ್ಕ ಕಟ್ಟರಿ. ಪಾದ ಒಂದು ಇಟ್ಟಂಗಿ ಮ್ಯಾಲ ಇಟ್ಟು ಮೊಣಕಾಲು ಮುಂದ ಒಯ್ಯೂದು, 3 × 12 (ಒಂದು ಸುತ್ತಿಗೆ 12 ಸಲದಂಗ ಮೂರು ಸುತ್ತು). ಎರಡು ವಾರದಾಗ ವ್ಯತ್ಯಾಸ 2 ಸೆಂ.ಮೀ. ಒಳಗ ಬರಬೇಕು. ಹಳೇ ಸೈಕಲ್ ಟ್ಯೂಬು ಇದಕ್ಕ ಥೆರಾಬ್ಯಾಂಡ್‌ಕಿಂತ ಗಟ್ಟಿ.

ಅದೇ ಟ್ಯೂಬ್ ಪಾದಕ್ಕ ಸುತ್ತಿ ಹೊರಗ ತಳ್ಳೂದು, 3 × 15. ಮೊದಲ ನಾಲ್ಕು ದಿನ ಗ್ವಾಡಿಗೆ ಒತ್ತಿ ಹಿಡಿಯೂದಷ್ಟ, 30 ಸೆಕೆಂಡ್ ಐದು ಸಲ. ಹಿಮ್ಮಡಿ ಎತ್ತೂದು ಎರಡು ಕಾಲಲೆ 3 × 15, ನೋವಿಲ್ಲದಾಗ ಒಂದು ಕಾಲಲೆ, 25 ಆಗೂತನ. ಒಂಟಿಕಾಲಲೆ ನಿಲ್ಲೂದು ದಿನಾ ಎರಡು ಸಲ: ಕಣ್ಣು ತಗದು 30 ಸೆಕೆಂಡ್ ಆದ್ರ ಕಣ್ಣು ಮುಚ್ಚಿ, ಅದೂ ಆದ್ರ ಗಾದಿ ಮ್ಯಾಲ. ಪಾದ ಮಡಚುಮುಂದ ಪೆರೋನಿಯಲ್ ಮಾಂಸ ತಡಾ ಮಾಡಿ ಎಚ್ಚರ ಆಗತೈತಿ, ಅದಕ್ಕ ಉಳುಕಿದ ಪಾದ ಮತ್ತ ಮತ್ತ ಉಳುಕತೈತಿ. ಈ ನಿಲ್ಲೂದು ಅದನ್ನ ಎಬ್ಬಸತೈತಿ. ಹುಡುಗ್ರು ಬಿಡೂದೂ ಇದನ್ನ ಮೊದಲ. ಬೆವರ ಬರೂದಿಲ್ಲಲ್ಲ.

ಜೋಡಿಗೆ ಬಿಡೂದು ಯಾವಾಗ ಅಂದ್ರ: ಗ್ವಾಡಿ ಪರೀಕ್ಷೆ ಸರಿ ಆಗಿರಬೇಕು, ಒಂಟಿಕಾಲ ಜಿಗತ ಬಲಗಾಲಿನ 90 ಪರ್ಸೆಂಟ್ ಮುಟ್ಟಬೇಕು, ಢಾಕ್ ಹೊಡಿಯೂ ತಿರುವು ಒಣ ಅಭ್ಯಾಸದಾಗ 20 ಸಲ ನೋವಿಲ್ಲದ ಆಗಬೇಕು. ಮೊದಲ ಎರಡು ವಾರ ಪಟ್ಟಿ ಕಟ್ಟಿ. 38 ಮಿ.ಮೀ. ಗಟ್ಟಿ ಟೇಪು, ಒಳಮಗ್ಗುಲಿಂದ ಶುರು, ಹಿಮ್ಮಡಿ ಕೆಳಗ ಹಾಯಿಸಿ ಹೊರಗ ಮ್ಯಾಲ ಎಳಿಯೂದು. ತಿರುಗಾಮುರುಗಾ ಎಳದ್ರ ಪಾದ ಒಳಗ ಮಡಚಾಕ ನೀವ ಸಹಾಯ ಮಾಡಿದಂಗ.

—

ಪಟ್ಟಿ_ನೋಡಿ_ನುಂಗು (ವಿಜಯಪುರ)

ಬಾಟ್ಲಿ ಘಟಕ ಓದಿದ ಮ್ಯಾಲ ಸುಮ್ನ ಕೂಡಲಿಕ್ಕೆ ಆಗಲಿಲ್ಲ. ಎರಡು ಹೆಸರು ನೋಡ್ರಿ.

ಮಾ ಛಿಯನ್ ಝ ಅಂದ್ರ ನಮ್ಮ ಕಾಸರಕನ ಬೀಜ. ಅದರಾಗ ಸ್ಟ್ರಿಕ್ನೀನ್ ಅದ. ವಾಡಾ (ಜಗತ್ತಿನ ಡೋಪಿಂಗ್ ತಡಿಯೂ ಸಂಸ್ಥೆ) ಪಟ್ಟಿಯೊಳಗ ಸ್ಟ್ರಿಕ್ನೀನ್ ಉತ್ತೇಜಕಗಳ ಸಾಲಿನ್ಯಾಗ ಅದ, ಸ್ಪರ್ಧೆ ಹೊತ್ತಿಗೆ ನಿಷೇಧ. ತ್ಸಾವ್ ವೂ ಅಂದ್ರ ವತ್ಸನಾಭಿಯ ಬಳಗದ ಬೇರು. ವಿಷ ಅನ್ನೂದು ಒಂದು ಕಡೆ. ಆ ಕುಲದ ಕೆಲವು ಬೇರಿನ್ಯಾಗ ಹಿಜೆನಮೈನ್ ಸಿಗ್ತದ, 2017ರಿಂದ ಅದು ಹೆಸರು ಹಿಡದು ನಿಷೇಧದ ಪಟ್ಟಿಯೊಳಗ ಅದ, ಸ್ಪರ್ಧೆ ಇರ್ಲಿ ಬಿಡ್ಲಿ ಎಲ್ಲಾ ಹೊತ್ತೂ. ಯುನ್ನಾನ್ ಬೈಯಾವ್ 1902ರಾಗ ಯುನ್ನಾನ್ ಪ್ರಾಂತದ ಚ್ಯೂ ಹುವಾನ್‌ಝಾಂಗ್ ಮಾಡಿದ್ದು, ರಕ್ತಸ್ರಾವಕ್ಕ, ಪೆಟ್ಟಿಗೆ ಹೆಸರುವಾಸಿ. ಅದರಾಗೂ ತ್ಸಾವ್ ವೂ ಅದ. ಡಬ್ಬಿಯೊಳಗ ಕ್ಯಾಪ್ಸೂಲ್ ನಡುವ ಒಂದು ಕೆಂಪು ಗುಳಿಗಿ ಬೇರೆ ಇಟ್ಟಿರ್ತಾರ. ಡಬ್ಬಿ ಎತ್ತಿಡ್ರಿ, ಹುಡುಗನ ಕೈಗೆ ಸಿಗದ ಕಡೆ.

ಬ್ಯಾರೆ ಚೀನಾ ಔಷಧ ಯಾರರ ಕೊಟ್ರ ಇನ್ನೆರಡು ಹೆಸರು ನೆನಪಿಡ್ರಿ. ಮಾ ಹುವಾಂಗ್‌ನ್ಯಾಗ ಎಫೆಡ್ರಿನ್. ಸ್ಪರ್ಧೆ ಹೊತ್ತಿಗೆ ಮೂತ್ರದಾಗ ಮಿ.ಲೀ.ಗೆ 10 ಮೈಕ್ರೋಗ್ರಾಂ ದಾಟಿದ್ರ ಸಿಕ್ಕಿಬಿದ್ದಂಗ. ಶೆ ಶಿಯಾಂಗ್ ಅಂದ್ರ ಕಸ್ತೂರಿ. 2011ರ ಮಹಿಳಾ ಫುಟ್ಬಾಲ್ ವಿಶ್ವಕಪ್‌ನ್ಯಾಗ ಉತ್ತರ ಕೊರಿಯಾದ ಐವರು ಸ್ಟೆರಾಯ್ಡ್‌ಗೆ ಸಿಕ್ಕಾಗ ಅವರು ಕೊಟ್ಟ ಕಾರಣ ಕಸ್ತೂರಿ ಔಷಧ. ಕಾರಣ ಕೇಳಿ ಯಾರೂ ಬಿಡಲಿಲ್ಲ. ಮೈಯೊಳಗ ಏನು ಸಿಗ್ತದೋ ಅದಕ್ಕ ಆಟಗಾರನೇ ಹೊಣಿ.

ಮತ್ತ ಚೀನಾದ್ದಷ್ಟ ಅಲ್ಲ. ವಿಷತಿಂದುಕ ವಟಿಯೊಳಗ ಇದೇ ಕಾಸರಕ ಅದ, ಅಲ್ಲಿ ಅದರ ಹೆಸರು ಕುಪೀಲು. ಜ್ವರಕ್ಕ ಕೊಡೂ ತ್ರಿಭುವನಕೀರ್ತಿ ರಸದಾಗ ವತ್ಸನಾಭಿ ಅದ. ‘ಆಯುರ್ವೇದ, ಏನೂ ಆಗಲ್ಲ’ ಅಂತ ವಸ್ತಾದ್ರ ಕೊಟ್ಟಿರ್ತಾರ.

ಸೂಜಿ, ಒಣ ಕಪ್ಪು ಯಾವ ಪಟ್ಟಿಯೊಳಗೂ ಇಲ್ಲ, ಧೈರ್ಯಲೆ ಮಾಡಸ್ರಿ. ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳಬಹುದಾದ್ದು ಬ್ಯಾರೆ ಎರಡು. ‘ನಿಶ್ಶಕ್ತಿ’ ಅಂತ ಏರಿಸೂ ಸಲಾಯಿನ್: ಆಸ್ಪತ್ರೆಯ ನಿಜವಾದ ಚಿಕಿತ್ಸೆ ಬಿಟ್ರ 12 ತಾಸಿನ್ಯಾಗ 100 ಮಿ.ಲೀ. ದಾಟಂಗಿಲ್ಲ. ಒಂದು ಬಾಟ್ಲಿ 500 ಇರ್ತದ. ಇನ್ನೊಂದು ಗಂಟಿಗೆ ಕೊಡೂ ಸ್ಟೆರಾಯ್ಡ್ ಇಂಜೆಕ್ಷನ್: 2022ರಿಂದ ಕೀಲಿಗೆ ಕೊಟ್ರೂ ಸ್ಪರ್ಧೆ ಹೊತ್ತಿಗೆ ನಿಷೇಧ.

—

ವಡಗಾವಿ_ತಾಲೀಮು

ಯಪ್ಪಾ, ಕಾಸರಕ ಅಂತ ಗೊತ್ತಿರಲಿಲ್ಲ. ಕ್ಯಾಪ್ಸೂಲ್ ಬಂದ್. ಲಿನಿಮೆಂಟ್ ಹಚ್ಚಿದ್ರೂ ತೊಂದರೇನು? ನುಂಗೂದಿಲ್ಲಲ್ಲ. ಈ ಎಣ್ಣಿ ಬಿಟ್ರ ಪಾದ ತಿಕ್ಕಾಕ ಬ್ಯಾರೆ ಏನು ಹಚ್ಚೋಣು?

—

ನಿಸರ್ಗ_ಬಾಗಲಕೋಟಿ

ಆ ಬಾಟ್ಲಿ ಬೇಡ. ತ್ಸಾವ್ ವೂ ಮದ್ಯಸಾರದಲ್ಲಿ ಇಳಿದಿರುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಗೀರು-ತರಚು ಇದ್ದರೆ ಇನ್ನೂ ಬೇಗ. ತುಟಿ-ನಾಲಿಗೆ ಜೋಮು, ಎದೆಬಡಿತ ತಪ್ಪುವುದು ಅದರ ಗುರುತು. ಪೈಲ್ವಾನನ ಮೈಯಲ್ಲಿ ತರಚು ಇಲ್ಲದ ದಿನ ಯಾವುದು? ತಾಲೀಮಿನಲ್ಲಿ ಆ ಬಾಟ್ಲಿ ಇಟ್ಟರೆ ಯಾರಾದರೊಬ್ಬ ಅದನ್ನು ಕುಡಿಯುವ ಔಷಧ ಅಂದುಕೊಂಡಾನು. ‘ಇತರೆ’ ಅಂತ ಬರೆದದ್ದು ಇನ್ನೂ ಕೆಟ್ಟದ್ದು.

ಡಿಟ್ ಡಾ ಅಂದರೆ ‘ಬಿದ್ದದ್ದು, ಹೊಡೆತ ಬಿದ್ದದ್ದು’. ಚೀನಾದ ಕುಸ್ತಿ-ಕತ್ತಿವರಸೆಯ ಗುರುಗಳೇ ಎಲುಬು ಕೂಡಿಸುವವರೂ ಆಗಿದ್ದರು, ನಮ್ಮ ವಸ್ತಾದರ ಹಂಗ. ಅವರ ಲೆಕ್ಕದಲ್ಲಿ ಪೆಟ್ಟಿಗೆ ಮೂರು ಹಂತ. ಮೊದಲ ಹದಿನೈದು ದಿನ ಕಟ್ಟಿದ ರಕ್ತ ಚದುರಿಸುವುದು, ಆಮೇಲೆ ನಾರು-ಎಲುಬು ಕೂಡಿಸುವುದು, ಕಡೆಗೆ ಬೆಚ್ಚಗೆ ಮಾಡಿ ಬಲ ತುಂಬುವುದು. ಮೊದಲ ಹಂತದಲ್ಲಿ ಅವರು ಕಾವು ಕೊಡೂದಿಲ್ಲ, ಮಂಜುಗಡ್ಡೆಯನ್ನೂ ಇಷ್ಟಪಡೂದಿಲ್ಲ. ತಂಪು ಗುಣದ ಬೇರುಗಳ ಪುಡಿ ಕಲಸಿ ಪಟ್ಟು ಹಾಕ್ತಾರೆ. (ಮಂಜುಗಡ್ಡೆಯ ವಿಷಯದಲ್ಲಿ ಈಗ ಪಶ್ಚಿಮದವರೂ ಮೆತ್ತಗಾಗಿದ್ದಾರೆ. 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತಿಡುವುದು ಅನ್ನುವ ‘ರೈಸ್’ ಸೂತ್ರ ಕೊಟ್ಟ ಗೇಬ್ ಮರ್ಕಿನ್ ಅವರೇ 2014ರಲ್ಲಿ ಮಂಜುಗಡ್ಡೆ ಗುಣವಾಗುವುದನ್ನು ತಡ ಮಾಡಬಹುದು ಅಂದರು. ಮೊದಲ ದಿನ ನೋವಿಗೆ ಹತ್ತು ನಿಮಿಷ ಇಟ್ಟರೆ ತಪ್ಪಿಲ್ಲ.)

ಬಾಟ್ಲಿಯ ಉಳಿದ ಹೆಸರು ಹೆದರಿಸುವಂಥವಲ್ಲ. ಹೋಂಗ್ ಹುವಾ ಅಂದರೆ ಕುಸುಬಿ ಹೂವಿನ ಎಸಳು. ವಿಜಯಪುರ, ಬಾಗಲಕೋಟಿ ಕಡೆ ಹಿಂಗಾರಿ ಜೋಳದ ಹೊಲದ ಅಂಚಿಗೆ ದನ ಬರಬಾರದಂತ ಸಾಲು ಬಿತ್ತುವ ಅದೇ ಮುಳ್ಳಿನ ಕುಸುಬಿ. ನಾವು ಕಾಳಿನ ಎಣ್ಣೆ ತಗೋತೀವಿ, ಅವರು ಕೆಂಪಾದ ಎಸಳು ಕಿತ್ತು ಒಣಗಿಸಿ ರಕ್ತ ಚದುರಿಸಲು ಬಳಸ್ತಾರೆ. ರೂ ಶಿಯಾಂಗ್ ಧೂಪದ ಗೋಂದು, ಮೋ ಯಾವ್ ಗುಗ್ಗುಳದ ಅಣ್ಣ-ತಮ್ಮ. ಹಚ್ಚಲು ತೊಂದರೆ ಕಡಿಮೆ. ಆದರೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವ ವಯಸ್ಸಾದವರು ಕುಸುಬಿ ಎಸಳು, ದಾಂಗ್ ಗುಯಿ ಬೇರಿನ ಕಷಾಯ ಕುಡಿಯಬಾರದು.

ಪಾದ ತಿಕ್ಕಲು ಎಳ್ಳೆಣ್ಣೆ ಸಾಕು. ತ್ವೀ ನಾ ಅನ್ನುವ ಚೀನಾದ ಮಾಲೀಶು ಪದ್ಧತಿಯಲ್ಲಿ ತಿಕ್ಕುವುದು ಹಿಂಗ: ಅಂಗೈ ಹೊರಅಂಚು ಮೀನಖಂಡದ ಮೇಲೆ ಉರುಳಿಸುವುದು 3 ನಿಮಿಷ, ಪೆರೋನಿಯಲ್ ಮಾಂಸದ ಉದ್ದಕ್ಕೂ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ನಾದುವುದು 3 ನಿಮಿಷ. ಆಮೇಲೆ ಜಿಬಿ 40 ಗುಳಿಯಲ್ಲಿ ಹೆಬ್ಬೆರಳು ಇಟ್ಟು ನಾರಿಗೆ ಅಡ್ಡವಾಗಿ ಸಣ್ಣ ಸಣ್ಣ ಒತ್ತು, 2 ನಿಮಿಷ. ನೋವು ಹತ್ತಕ್ಕೆ ನಾಲ್ಕು ದಾಟಬಾರದು. ಕಡೆಗೆ ಒಂದು ಕೈ ಹಿಮ್ಮಡಿ ಹಿಡಿದು, ಇನ್ನೊಂದು ಕೈ ಪಾದದ ಮೇಲಿಟ್ಟು, ಮೆಲ್ಲಗೆ ಎಳೆದು ಹಿಡಿದು ಸುತ್ತ ತಿರುವುವುದು, ಎರಡೂ ಕಡೆ ಹತ್ತು ಹತ್ತು. ‘ಕಟಕ್’ ಅನ್ನಿಸಲು ಝಟಕಾ ಕೊಡೂದು ಯಾವ ಪದ್ಧತಿಯವರೇ ಹೇಳಲಿ, ಹರಿದ ಲಿಗಮೆಂಟಿಗೆ ಅದು ಇನ್ನೊಂದು ಉಳುಕು.

ವಿಂಟರ್‌ಗ್ರೀನ್ ಬಾಮು ಹಚ್ಚಿ ಮೇಲೆ ಹೀಟಿಂಗ್ ಪ್ಯಾಡ್ ಇಡಬೇಡಿ, ಟೇಪನ್ನೂ ಸುತ್ತಬೇಡಿ, ಚರ್ಮ ಸುಡುತ್ತದೆ. ಕುಸ್ತಿ ದಿನ ಯಾವ ಎಣ್ಣೆಯೂ ಬೇಡ. ಮೈಗೆ ಜಿಡ್ಡು ಹಚ್ಚಿ ಮ್ಯಾಟಿಗೆ ಬರುವಂತಿಲ್ಲ ಅನ್ನುವುದು ನಿಯಮ, ಎದುರಾಳಿಯ ಕಣ್ಣೂ ಉರಿಯುತ್ತದೆ.

—

ಗೋಳಗುಮ್ಮಟ_ಗೇರ್ (ವಿಜಯಪುರ)

ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಸೈಕಲ್ ಹುಡುಗಿ ಒಬ್ಬಾಕಿಗೆ 30 ಕಿ.ಮೀ. ಆದ ಮ್ಯಾಲ ಮೊಣಕಾಲಿನ ಹೊರಗ ಚಾಕು ಹಾಕಿದಂಗ ಆಗ್ತದ. ಸೊಲ್ಲಾಪುರ ರಸ್ತೆ ಇಳಿದ ಮ್ಯಾಲ ಸ್ವಲ್ಪ ಹೊತ್ತಿಗೆ ಆರಾಮ. ತೊಡಿ ಹೊರಗಿನ ಪಟ್ಟಿ ಮ್ಯಾಲ ಕಪ್ ಹಾಕಿಸಬಹುದೇನ್ರಿ? ಮತ್ತ ಈ ಸೂಜಿ ವಿದ್ಯೆ ನಮ್ಮ ಸೊಲ್ಲಾಪುರದ ಡಾ. ಕೋಟ್ನಿಸ್ ಅವರೇ ತಂದಿದ್ದಂತ, ಹೌದೇನು?

—

ನಿಸರ್ಗ_ಬಾಗಲಕೋಟಿ

ಕೋಟ್ನಿಸ್ ಸೊಲ್ಲಾಪುರದವರು ಹೌದು. 1938ರಲ್ಲಿ ಭಾರತದ ವೈದ್ಯ ತಂಡದ ಜೊತೆ ಚೀನಾಕ್ಕೆ ಹೋದವರು ಅಲ್ಲೇ 1942ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸೂಜಿ ವಿದ್ಯೆ ತಂದದ್ದು ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು, 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ಕೇಂದ್ರ ಆರೋಗ್ಯ ಇಲಾಖೆ ಅಕ್ಯುಪಂಕ್ಚರನ್ನು ಚಿಕಿತ್ಸಾ ವಿಧಾನ ಅಂತ ಒಪ್ಪಿದ್ದು 2003ರಲ್ಲಿ. ಸೂಜಿ ಹಾಕುವವರು ಎಲ್ಲಿ ಕಲಿತವರು ಅಂತ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ತೊಡೆಯ ಹೊರಪಟ್ಟಿ ಚಕ್ಕಡಿಯ ಚರ್ಮದ ಮಿಣಿ ಇದ್ದಂಗ, ಕಪ್ಪಿಗೂ ಮಾಲೀಶಿಗೂ ಉದ್ದ ಆಗೂದಿಲ್ಲ. ಅದನ್ನು ಮೇಲಿನಿಂದ ಎಳೆಯುವ ಮಾಂಸಖಂಡ ಸೊಂಟದ ಮುಂದೆ-ಹೊರಗೆ ಇದೆ, ಕಪ್ ಅಲ್ಲಿಗೆ ಮತ್ತು ಪೃಷ್ಠದ ಹೊರಮಗ್ಗುಲಿಗೆ. ಸೂಜಿ ಜಿಬಿ 31, ನೆಟ್ಟಗೆ ನಿಂತು ಕೈ ಜೋತುಬಿಟ್ಟರೆ ನಡುಬೆರಳ ತುದಿ ತೊಡೆಗೆ ತಾಗುವ ಜಾಗ. ಜೊತೆಗೆ ಜಿಬಿ 34.

—

ಟಿಳಕವಾಡಿ_ಫಿಜಿಯೊ

ಗೇರ್ ಅಣ್ಣಾರ, ಸೂಜಿಕಿಂತ ಮೊದಲು ಸೀಟು ನೋಡ್ರಿ. ಮೊಣಕಾಲು 30 ಡಿಗ್ರಿ ಹತ್ತಿರ ಮಡಚಿದಾಗ ಆ ಪಟ್ಟಿ ಎಲುಬಿಗೆ ಒತ್ತತೈತಿ. ಸೀಟು ಎತ್ತರ ಇದ್ರ ಪ್ರತಿ ಸುತ್ತಿನ್ಯಾಗೂ ಕಾಲು ಅದೇ ಕೋನಕ್ಕ ಬಂದು ತಿಕ್ಕತೈತಿ. ನಿಮಿಷಕ್ಕ 90 ಸುತ್ತು ಅಂದ್ರ ತಾಸಿಗೆ 5,400 ಸಲ. ಪೆಡಲ್ ಕೆಳಗ ಇದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರಬೇಕು. ಅದಕ್ಕಿಂತ ನೆಟ್ಟಗ ಇದ್ರ 5 ಮಿ.ಮೀ. ಇಳಿಸಿ ಮೂರು ದಿನ ನೋಡ್ರಿ, ಒಮ್ಮೆಲೇ 2 ಸೆಂ.ಮೀ. ಇಳಿಸಬ್ಯಾಡ್ರಿ, ಮುಂದಿನ ಚಿಪ್ಪು ನೋಯತೈತಿ. ಶೂ ಕ್ಲೀಟ್ (ಪೆಡಲ್‌ಗೆ ಸಿಗಿಸೂ ಕೊಂಡಿ) ಬೆರಳು ಒಳಗ ತಿರುಗಿಸಿದಂಗ ಕೂತೈತೇನು, ಅದನ್ನೂ ನೋಡ್ರಿ.

ವಸ್ತಾದ್ರ, ನಿಮ್ಮ ಹುಡುಗನ ಗ್ವಾಡಿ ಅಳತಿ ಮುಂದಿನ ಸೋಮವಾರ ಇಲ್ಲೇ ಹಾಕ್ರಿ. 6 ಇದ್ದದ್ದು 8 ಆಗಿರಬೇಕು. ಆಗಿರಲಿಲ್ಲ ಅಂದ್ರ ಇಟ್ಟಂಗಿ ಮ್ಯಾಲಿನ ಫೋಟೊ ಕಳಸ್ರಿ. ಬಹಳ ಸಲ ಟ್ಯೂಬು ಎಲುಬಿನ ಮ್ಯಾಲ ಸರದಿರತೈತಿ.